ವಿಂಡೋ ಐತಿ, ಆದ್ರ ಕಾಣವಲ್ದು

ಬ್ಯಾಡಗಿಯಿಂದ ಫೋನ್ ಬಂದಿದ್ದು ಒಂದು ಗುರುವಾರ ಮುಂಜಾನೆ, ಅದೂ ಫೆಬ್ರುವರಿಯಾಗ, ಮೆಣಸಿನಕಾಯಿ ಸೀಸನ್ ಭರ್ತಿ ಇದ್ದಾಗ. ಸೋಮವಾರ, ಗುರುವಾರ ಅಲ್ಲಿ ಮಾರ್ಕೆಟ್ ದಿನ, ಆ ಎರಡು ದಿನ ಅಡತಿ ಅಂಗಡಿಯವರು ಫೋನ್ ಮಾಡಿದ್ರ ಹಲೋನೂ ಇರಂಗಿಲ್ಲ ನಮಸ್ಕಾರನೂ ಇರಂಗಿಲ್ಲ. "ನಿಮ್ಮ ಬಿಲ್ಲಿನ ಸಾಫ್ಟ್‌ವೇರ್ ತೆರಿಯವಲ್ದ್ರಿ, ನಿನ್ನೆ ಸಂಜಿ ತನಕ ಛಲೋ ಇತ್ತು" ಅಂದ್ರು. ಏನಾರ ಎರರ್ ಬರ್ತೈತೇನ್ರಿ ಅಂದೆ. ಇಲ್ಲ, ಕೆಳಗ ಪಟ್ಟಿಯಾಗ ಐಕಾನ್ ಐತಿ, ಅದರ ಮ್ಯಾಲೆ ಮೌಸ್ ಇಟ್ರ ಸಣ್ಣ ಚಿತ್ರದಾಗ ಬಿಲ್ ಪೂರಾ ಕಾಣ್ತೈತಿ, ಒತ್ತಿದ್ರ ಮಾತ್ರ ಏನೂ ಇಲ್ಲ, ಬರೇ ವಾಲ್‌ಪೇಪರ್ ಅಂತ. ಅಂದ್ರ ಸಾಫ್ಟ್‌ವೇರ್ ತೆರೆದೇ ಇತ್ತು, ಓಡ್ತಾನೂ ಇತ್ತು, ಅವರ ಕಣ್ಣಿಗೆ ಬೀಳೋ ಜಾಗದಾಗ ಇರಲಿಲ್ಲ ಅಷ್ಟೇ.

ಲ್ಯಾಪ್‌ಟಾಪ್ ಎಲ್ಲೈತ್ರಿ ಈಗ ಅಂತ ಕೇಳಿದ ಮ್ಯಾಲೆ ಗಂಟು ಬಿಚ್ಚಿತು. ಅಂಗಡ್ಯಾಗ ಲ್ಯಾಪ್‌ಟಾಪಿನ ಎಡಕ್ಕ ಒಂದು ದೊಡ್ಡ ಮಾನಿಟರ್ ಐತಿ, ಬಿಲ್ ವಿಂಡೋ ಯಾವಾಗ್ಲೂ ಅದರಾಗs ಇಟ್ಕೊಂಡಿರ್ತಾರ. ರಾತ್ರಿ ಲ್ಯಾಪ್‌ಟಾಪ್ ಅಷ್ಟೇ ಬಗಲಾಗ ಹಿಡಕೊಂಡು ಮನಿಗೆ ಹೋಗ್ಯಾರ, ಮುಂಜಾನೆ ಚಾ ಕುಡಿಯೋದ್ರಾಗ ನಿನ್ನೆ ಲೆಕ್ಕ ನೋಡೋಣ ಅಂತ ತೆರೆದಾರ. ನಮ್ಮ ಸಾಫ್ಟ್‌ವೇರ್ ಸೆಟ್ಟಿಂಗ್ಸ್ ಫೈಲಿನ್ಯಾಗ ಎಕ್ಸ್ -1640, ವೈ 60, ಅಗಲ 1100 ಅಂತ ಬರಕೊಂಡಿತ್ತು, ಕಣ್ಣು ಮುಚ್ಚಿ ಅಲ್ಲೇ ಹೋಗಿ ಕುಂತಿತ್ತು. ಅಂಗಡ್ಯಾಗಿನ ಮಾನಿಟರ್ ಇರೋ ಜಾಗದಾಗ, ಆದ್ರ ಮನ್ಯಾಗ.

ಆವತ್ತಿಗೆ ಆಲ್ಟ್ ಹಿಡಿದು ಸ್ಪೇಸ್ ಒತ್ರಿ, ಆಮ್ಯಾಲೆ ಎಂ ಒತ್ರಿ, ಆಮ್ಯಾಲೆ ಬಾಣದ ಗುರ್ತಿನ ಕೀ ಒಮ್ಮೆ ಒತ್ತಿ ಮೌಸ್ ಸರಸ್ರಿ ಅಂತ ಹೇಳಿದೆ, ವಿಂಡೋ ಮೌಸಿಗೆ ಅಂಟ್ಕೊಂಡು ಬಂತು. ನಿಮಗೂ ಎಂದಾರ ಹಿಂಗಾದ್ರ ಇದನ್ನ ನೆನಪಿಡ್ರಿ. ಆದ್ರ ಮಾರ್ಕೆಟ್ ದಿನ ಒಬ್ಬ ವ್ಯಾಪಾರಿ ಇಷ್ಟೆಲ್ಲಾ ಬೆರಳಾಟ ಯಾಕ ಮಾಡಬೇಕು, ತಪ್ಪು ನಮ್ದು. ಅದನ್ನ ಸರಿ ಮಾಡಾಕ ಹೋಗಿ ನಾನು ಮೂರು ಸಲ ತಪ್ಪಿದೆ, ಅದಕ್ಕ ಈ ವಿಷಯ ಬುಡದಿಂದ ಬರಿಯಾಕತ್ತೇನಿ.

ಕಂಪ್ಯೂಟರಿಗೆ ಎರಡು ಮಾನಿಟರ್ ಹಚ್ಚಿದ್ರ ಅದು ಒಂದು ದೊಡ್ಡ ನವಲಗುಂದದ ಜಮಖಾನ ಹಾಸಿಧಂಗ ಮಾಡಿ, ಅದರ ಮ್ಯಾಲೆ ಎರಡೂ ಸ್ಕ್ರೀನ್ ಬಾಜೂ ಬಾಜೂಕ ಇಡ್ತೈತಿ. ಜಮಖಾನದ ಮ್ಯಾಲಿನ ಪ್ರತಿ ಚುಕ್ಕಿಗೂ ಎರಡು ನಂಬರ್, ಅಡ್ಡಕ್ಕ ಎಕ್ಸ್, ಉದ್ದಕ್ಕ ವೈ. ಲೆಕ್ಕ ಎಲ್ಲಿಂದ ಶುರು ಅಂದ್ರ ಪ್ರೈಮರಿ, ಅಂದ್ರ ಮುಖ್ಯ ಅಂತ ಆರಿಸಿದ ಮಾನಿಟರಿನ ಮ್ಯಾಲಿನ ಎಡ ಮೂಲಿಯಿಂದ, ಅದು 0,0. ಹುಬ್ಬಳ್ಳ್ಯಾಗ ಯಾರಿಗೆ ದಾರಿ ಹೇಳಬೇಕಾದ್ರೂ ಚೆನ್ನಮ್ಮ ಸರ್ಕಲ್‌ದಿಂದ ಶುರು ಮಾಡ್ತೇವಲ್ರಿ, ಹಂಗ. ಪ್ರೈಮರಿಯ ಎಡಕ್ಕ ಇರೋ ಮಾನಿಟರಿನ್ಯಾಗ ಎಕ್ಸ್ ಮೈನಸ್ ಆಗ್ತೈತಿ, ಮ್ಯಾಲೆ ಇರೋ ಮಾನಿಟರಿನ್ಯಾಗ ವೈ ಮೈನಸ್. 1920 ಅಗಲದ ಮಾನಿಟರ್ ಎಡಕ್ಕ ಇದ್ರ ಅದರ ಜಾಗ -1920ರಿಂದ -1ರ ತನಕ. ಮೈನಸ್ ಬಂತಂದ್ರ ಏನೋ ಕೆಟ್ಟೈತಿ ಅಂತಲ್ಲ, ಅದು ಸರ್ಕಲ್‌ನ ಆ ಕಡಿ ಮನಿ ಅಷ್ಟೇ.

ಇಲ್ಲೇ ಮಜಾ ಐತಿ. ಯಾರಾದ್ರೂ ಸೆಟ್ಟಿಂಗ್ಸ್‌ಗೆ ಹೋಗಿ ಎಡಗಡಿ ಮಾನಿಟರನ್ನ ಪ್ರೈಮರಿ ಮಾಡಿದ್ರು ಅನ್ನಿ, ಆಗ 0,0 ಅಲ್ಲಿಗೆ ಜಿಗಿತೈತಿ. ರಾತ್ರೋರಾತ್ರಿ ಚೆನ್ನಮ್ಮನ ಮೂರ್ತಿ ಎತ್ತಿ ಧಾರವಾಡದ ಜುಬಿಲಿ ಸರ್ಕಲ್‌ನ್ಯಾಗ ಇಟ್ಟಂಗ. ಒಂದು ಮನಿನೂ ಜಾಗ ಬಿಟ್ಟಿಲ್ಲ, ಆದ್ರ "ಸರ್ಕಲ್‌ದಿಂದ ಎಡಕ್ಕ ಎರಡು ಕಿಲೋಮೀಟರ್" ಅಂತ ಬರಕೊಂಡಿದ್ದ ವಿಳಾಸ ಒಂದೂ ಖರೇ ಉಳಿಯಂಗಿಲ್ಲ. ಸಾಫ್ಟ್‌ವೇರ್ ಬರದಿಡೋ ಎಕ್ಸ್, ವೈ ಇಂಥಾ ವಿಳಾಸ. ಬರಿವಾಗ ಎಷ್ಟು ಮಾನಿಟರ್ ಇದ್ವು, ಯಾವುದು ಎಲ್ಲಿತ್ತು, ಪ್ರೈಮರಿ ಯಾವುದಿತ್ತು ಅನ್ನೋದು ಜೊತಿಗಿಲ್ಲಂದ್ರ ಆ ನಂಬರಿಗೆ ಅರ್ಥನೇ ಇಲ್ಲ, ಆದ್ರೂ ನಾವು ಪ್ರೋಗ್ರಾಂ ಬರೆಯೋರು ಎರಡು ನಂಬರ್ ಬರದಿಟ್ಟು ಕೈ ತೊಳಕೊಂಡು ಬಿಡ್ತೇವಿ.

ಈಗ ನನ್ನ ಮೂರು ತಪ್ಪು ಕೇಳ್ರಿ.

ಮೊದಲ್ನೇದು, ಎಕ್ಸ್ ಸೊನ್ನೆಗಿಂತ ಕಡಿಮಿ ಇದ್ರ ಸೊನ್ನೆ ಮಾಡು ಅಂತ ಒಂದು ಸಾಲು ಹಾಕಿದೆ, ಬ್ಯಾಡಗಿ ಸಮಸ್ಯೆ ಮುಗೀತು ಅಂತ ಎದಿ ಉಬ್ಬಿಸಿದೆ. ಮರುದಿನದಿಂದ ಎಡಕ್ಕ ಮಾನಿಟರ್ ಇಟ್ಕೊಂಡ ಎಲ್ಲಾರೂ ಬೈಯಾಕ ಶುರು ಮಾಡಿದ್ರು, ಯಾಕಂದ್ರ ಮಾನಿಟರ್ ಎದುರಿಗೇ ಇದ್ರೂ ವಿಂಡೋ ದಿನಾ ಲ್ಯಾಪ್‌ಟಾಪಿಗೆ ಬಂದು ಬೀಳಾಕತ್ತಿತ್ತು. ಎರಡನೇದು, ಜಮಖಾನದ ನಾಕೂ ಅಂಚು ತಗೊಂಡು ಅದರೊಳಗ ಐತೇನು ನೋಡು ಅಂತ ಬರದೆ. ಇದು ಕೇಳಾಕ ಶಾಣ್ಯಾತನ ಅನಸ್ತೈತಿ, ಆದ್ರ ಎಲ್ಲಾ ಮಾನಿಟರ್ ಒಂದೇ ಎತ್ತರ ಇರಂಗಿಲ್ಲ. ಆ ಬ್ಯಾಡಗಿ ಅಂಗಡಿನೇ ತಗೊಳ್ರಿ, ಲ್ಯಾಪ್‌ಟಾಪ್ 1366×768, ಎಡಗಡಿದು 1920×1080, ಎರಡರ ಕೆಳಗಿನ ಅಂಚು ಸಮ ಹೊಂದ್ಸ್ಯಾರ. ಅಂದ್ರ ಎಡಗಡಿದರ ತಲಿ ವೈ -312ಕ್ಕ ಹೋತು. ಜಮಖಾನದ ಅಂಚಿನ ಲೆಕ್ಕದಾಗ ಎಕ್ಸ್ 700, ವೈ -200 ಅನ್ನೋ ಚುಕ್ಕಿ ಒಳಗೇ ಐತಿ, ಆದ್ರ ಅಲ್ಲಿ ಗಾಜೇ ಇಲ್ಲ, ಲ್ಯಾಪ್‌ಟಾಪಿನ ತಲಿ ಮ್ಯಾಲಿನ ಖಾಲಿ ಗಾಳಿ ಅದು. ವಿಂಡೋ ಅಲ್ಲಿ ಕುಂತ್ರ ಕ್ಯಾಲೆಂಡರ್ ಹಿಂದ ಗ್ವಾಡಿಗೆ ಕುಂತಂಗ.

ಮೂರನೇದ್ದಕ್ಕ ಬುದ್ಧಿ ಬಂತು: ಈಗ ನಿಜವಾಗ್ಲೂ ಹಚ್ಚಿರೋ ಒಂದೊಂದೇ ಮಾನಿಟರನ್ನ ಕೇಳಬೇಕು, ಈ ವಿಂಡೋ ನಿನ್ನ ಮ್ಯಾಲೆ ಎಷ್ಟು ಬೀಳ್ತೈತಿ ಅಂತ. ವಿಂಡೋಸ್‌ನ್ಯಾಗ ಇದಕ್ಕ ಮಾನಿಟರ್‌ಫ್ರಮ್‌ರೆಕ್ಟ್ ಅಂತ ತಯಾರ್ ಫಂಕ್ಷನ್ನೇ ಐತಿ, ಯಾವುದರ ಮ್ಯಾಲೂ ಬೀಳಲಿಲ್ಲಂದ್ರ ಸನೇದ್ದು ಯಾವುದು ಅಂತನೂ ಹೇಳ್ತೈತಿ. ಆದ್ರೂ ಇದು ಮೂರನೇ ತಪ್ಪಾತು, ಯಾಕಂದ್ರ ಒಂದು ಚುಕ್ಕಿ ಮುಟ್ಟಿದ್ರೂ ಸಾಕು ಅಂತ ಬಿಟ್ಟೆ. ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನ್ಯಾಗ ಡಿಟಿಪಿ ಮಾಡೋ ಹುಡುಗ ಫೋಟೋ ಕಳಿಸಿದ, ಸ್ಕ್ರೀನಿನ ಮ್ಯಾಲಿನ ಬಲ ಮೂಲ್ಯಾಗ ವಿಂಡೋದ ಒಂದು ತುಂಡು ಬೆರಳುಗುರಿನಷ್ಟು ಇಣುಕಿ ನೋಡಾಕತ್ತಿತ್ತು, ಎಳ್ಯಾಕ ಹಿಡಿಕಿನೇ ಇಲ್ಲ.

ಹಿಡಿಕಿ ಅಂದ್ರ ಟೈಟಲ್ ಬಾರ್, ವಿಂಡೋದ ತಲಿ ಮ್ಯಾಲೆ ಹೆಸರು ಇರೋ ಪಟ್ಟಿ. ಕೊಡಕ್ಕ ಕಂಠ ಇದ್ದಂಗ, ಅದು ಕೈಗೆ ಸಿಕ್ರ ಉಳಿದಿದ್ದು ಬಾವ್ಯಾಗ ಮುಳುಗಿದ್ರೂ ಎತ್ತಬಹುದು, ಅದೇ ಸಿಗಲಿಲ್ಲಂದ್ರ ಮುಕ್ಕಾಲು ವಿಂಡೋ ಕಂಡ್ರೂ ಉಪಯೋಗಿಲ್ಲ. ಅದಕ್ಕ ನೋಡಬೇಕಾಗಿದ್ದು ವಿಂಡೋ ಕಾಣ್ತೈತೋ ಇಲ್ಲೋ ಅಂತಲ್ಲ, ಟೈಟಲ್ ಬಾರಿನ ಒಂದು ತುಣುಕು, ಮೌಸಿಗೆ ಹಿಡಿಯಾಕ ಬರೋವಷ್ಟು ಅಗಲ, ಯಾವುದಾದ್ರೂ ಒಂದು ಮಾನಿಟರಿನ ವರ್ಕ್ ಏರಿಯಾದಾಗ ಐತೋ ಇಲ್ಲೋ ಅಂತ. ವರ್ಕ್ ಏರಿಯಾ ಅಂದ್ರ ಐಕಾನ್ ಸಾಲಿರೋ ಟಾಸ್ಕ್‌ಬಾರ್ ಕಳದು ಉಳಿದ ಜಾಗ. ಪೂರಾ ಸ್ಕ್ರೀನ್ ಲೆಕ್ಕಕ್ಕ ಹಿಡಿದ್ರ ವಿಂಡೋದ ಕೆಳಗಿನ ಸೇವ್ ಬಟನ್ ಟಾಸ್ಕ್‌ಬಾರಿನ ಹಿಂದ ಅಡಗಿ ಕುಂದರ್ತೈತಿ, ಇದನ್ನ ಹಳೇ ಸಣ್ಣ ಲ್ಯಾಪ್‌ಟಾಪ್ ಇದ್ದವರೆಲ್ಲಾ ಅನುಭೋಗಿಸ್ಯಾರ. ಇನ್ನ ವಿಂಡೋನೇ ವರ್ಕ್ ಏರಿಯಾಕ್ಕಿಂತ ದೊಡ್ಡದಿದ್ರ ಮೊದಲು ಸಣ್ಣ ಮಾಡಬೇಕು, ಆಮ್ಯಾಲೆ ಸರಸಬೇಕು. ಉಲ್ಟಾ ಮಾಡಿದ್ರ ಬಲಕ್ಕ ಸರಿಸಿದಾಗ ಎಡಕ್ಕ ಹೊರಗ, ಎಡಕ್ಕ ಸರಿಸಿದಾಗ ಬಲಕ್ಕ ಹೊರಗ.

ಹಂಗಂತ ಒಂದು ಚುಕ್ಕಿನೂ ಹೊರಗ ಹೋಗಬಾರ್ದು ಅಂತ ಪೊಲೀಸಗಿರಿ ಮಾಡಾಕೂ ಹೋಗಬ್ಯಾಡ್ರಿ. ವಿಂಡೋಸ್ 10ರಿಂದ ಈಚೆ ವಿಂಡೋದ ಸುತ್ತ ಕಣ್ಣಿಗೆ ಕಾಣದ ಒಂದು ಅಂಚು ಐತಿ, ಅಕ್ಷರ ಹಿಗ್ಗಿಸದ 100 ಪರ್ಸೆಂಟ್ ಸ್ಕೇಲಿನ್ಯಾಗ ಸುಮಾರು 7 ಪಿಕ್ಸೆಲ್, ಮೌಸಿಗೆ ಹಿಡಿಯಾಕ ಸಲೀಸ ಆಗ್ಲಿ ಅಂತ. ಅದಕ್ಕ ಎಡಗಡಿ ಅಂಚಿಗೆ ಸರಿಯಾಗಿ ಹಚ್ಚಿಟ್ಟ ವಿಂಡೋದ ಎಕ್ಸ್ 0 ಇರಂಗಿಲ್ಲ, -7 ಇರ್ತೈತಿ. ಅದನ್ನ ತಪ್ಪು ಅಂತ ತಿಳಕೊಂಡು ನಾವು 7 ಪಿಕ್ಸೆಲ್ ಒಳಗ ದಬ್ಬಿದ್ರ ಮಂದಿ ಅಚ್ಚುಕಟ್ಟಾಗಿ ಹೊಂದಿಸಿದ್ದು ಪ್ರತಿ ಸಲ ಕೆಡ್ತೈತಿ.

ಬರದಿಡೋ ಹೊತ್ತಿನ ತಪ್ಪುಗಳು ಇನ್ನೊಂದು ಕಥಿ. ವಿಂಡೋ ಮಿನಿಮೈಸ್ ಆದಾಗ ವಿಂಡೋಸ್ ಅದನ್ನ ಎಲ್ಲಿಡ್ತೈತಿ ಗೊತ್ತೇನ್ರಿ? -32000, -32000. ಖರೇನೇ, ಯಾವ ಮಾನಿಟರೂ ತಲುಪದಷ್ಟು ದೂರ. ಮಂದಿ ವಿಂಡೋ ಮಿನಿಮೈಸ್ ಇದ್ದಾಗ್ಲೇ ಟಾಸ್ಕ್‌ಬಾರಿನಿಂದ ಕ್ಲೋಸ್ ಒತ್ತಿದ್ರ, ಆ ಗಳಿಗ್ಯಾಗ ಪಾಪದ ಪ್ರೋಗ್ರಾಂ ನಾನೆಲ್ಲಿದೇನಿ ಅಂತ ಗೆಟ್‌ವಿಂಡೋರೆಕ್ಟ್ ಅನ್ನೋ ಫಂಕ್ಷನ್ನಿಗೆ ಕೇಳಿದ್ರ ಈ -32000 ಸಿಕ್ಕು ಅದನ್ನs ಬರಕೊಂಡು ಮಲಗ್ತೈತಿ. ಮ್ಯಾಕ್ಸಿಮೈಸ್ ಆದಾಗ ಬ್ಯಾರೆ ಥರದ್ದು: 1366 ಅಗಲದ ಸ್ಕ್ರೀನಿನ್ಯಾಗ ಪೂರಾ ಹಿಗ್ಗಿದ ವಿಂಡೋ ತಾನು -8ರಿಂದ ಶುರುವಾಗಿ 1382 ಅಗಲ ಇದೇನಿ ಅಂತೈತಿ, ಅದನ್ನ ಮಾಮೂಲಿ ಸೈಜ್ ಅಂತ ಬರದಿಟ್ರ ನಾಳೆ ರಿಸ್ಟೋರ್ ಬಟನ್ ಒತ್ತಿದ್ರೂ ಏನೂ ಸಣ್ಣದಾಗಂಗಿಲ್ಲ, ಮೂಲ ಸೈಜ್ ಕಳೆದೇ ಹೋತು. ಅದಕ್ಕ ಎರಡು ಸಂಗತಿ ಬ್ಯಾರೆ ಬ್ಯಾರೆ ಇಡಬೇಕು, ಮಾಮೂಲಿ ಇದ್ದಾಗಿನ ಜಾಗ ಮತ್ತ ಸೈಜ್ ಒಂದು, ಮ್ಯಾಕ್ಸಿಮೈಸ್ ಆಗಿತ್ತೋ ಇಲ್ಲೋ ಅನ್ನೋದು ಇನ್ನೊಂದು. ಗೆಟ್‌ವಿಂಡೋಪ್ಲೇಸ್‌ಮೆಂಟ್ ಅನ್ನೋ ಫಂಕ್ಷನ್ ಇವೆರಡೂ ಬಿಡಿಸಿ ಕೊಡ್ತೈತಿ. ಮಿನಿಮೈಸ್ ಆಗಿತ್ತು ಅನ್ನೋದನ್ನ ನೆನಪಿಡೋದೇ ಬ್ಯಾಡ, ಪ್ರೋಗ್ರಾಂ ತೆರೆದವ ಅದನ್ನ ನೋಡಾಕs ತೆರೆದಿರ್ತಾನ.

ಮತ್ತ ಅದರ ಜೋಡಿ ಸೆಟ್‌ವಿಂಡೋಪ್ಲೇಸ್‌ಮೆಂಟ್ ಬಳಸಿದ್ರ ಇನ್ನೊಂದು ಉಪಕಾರ, ವಿಂಡೋ ಪೂರ್ತಿ ಹೊರಗ ಬೀಳೋ ಹಂಗಿದ್ರ ಸಿಸ್ಟಮ್ಮೇ ಒಳಗ ಎಳಕೊಳ್ತೈತಿ. ನಾನು ಅದನ್ನ ಬಿಟ್ಟು ಸೆಟ್‌ವಿಂಡೋಪಾಸ್ ಅನ್ನೋ ಫಂಕ್ಷನ್ನಿಗೆ ಬರೇ ಎಕ್ಸ್ ವೈ ಕೊಟ್ಟು ಇಟ್ಟಿದ್ದಕ್ಕs ಬ್ಯಾಡಗಿ ಫೋನ್ ಬಂದಿದ್ದು. ಆದ್ರ ಒಂದರಿಂದ ಓದಿ ಇನ್ನೊಂದರಿಂದ ಬರಿಬ್ಯಾಡ್ರಿ: ಪ್ಲೇಸ್‌ಮೆಂಟಿನ ನಂಬರ್ ವರ್ಕ್ ಏರಿಯಾದಿಂದ ಎಣಿಸಿದ್ದು, ಸೆಟ್‌ವಿಂಡೋಪಾಸ್ ಕೇಳೋದು ಸ್ಕ್ರೀನಿನ ಮೂಲಿಯಿಂದ ಎಣಿಸಿದ್ದು. ಟಾಸ್ಕ್‌ಬಾರ್ ಕೆಳಗಿದ್ರ ಎರಡೂ ಒಂದೇ, ನಿಮ್ಮ ಕಣ್ಣಿಗೆ ಬೀಳಂಗಿಲ್ಲ. ಟಾಸ್ಕ್‌ಬಾರ್ ಮ್ಯಾಲೆ ಇಟ್ಕೊಂಡ ಒಬ್ಬ ಗಿರಾಕಿ ಸಿಕ್ರ ತೆರೆದು ಮುಚ್ಚಿದಾಗೊಮ್ಮೆ ವಿಂಡೋ ಟಾಸ್ಕ್‌ಬಾರಿನಷ್ಟು ಮ್ಯಾಲೆ ಏರ್ತಾ ಏರ್ತಾ ಹೋಗ್ತೈತಿ. ನಂದು ಹಂಗಾ ಏರಿತ್ತು, ಒಂದು ವಾರ ತಲಿ ಕೆಡಿಸ್ಕೊಂಡೇನಿ.

ಈಗ ಸ್ಕೇಲಿಂಗ್ ವಿಷಯ, ಇದು ಎಲ್ಲಾದಕ್ಕಿಂತ ತಲಿನೋವು. ಹೊಸ ಲ್ಯಾಪ್‌ಟಾಪ್‌ಗಳಾಗ ಸಣ್ಣ ಸ್ಕ್ರೀನಿನ್ಯಾಗ ಭಾಳ ಪಿಕ್ಸೆಲ್ ತುರುಕಿರ್ತಾರ, ಅದಕ್ಕ ಅಕ್ಷರ ಕಾಣ್ಲಿ ಅಂತ 150 ಪರ್ಸೆಂಟ್ ಇಡ್ತಾರ, ಬಾಜೂಕಿನ ಹಳೇ ಮಾನಿಟರ್ 100 ಪರ್ಸೆಂಟಿನ್ಯಾಗ ಇರ್ತೈತಿ. ವಿಂಡೋಸ್ ಲೆಕ್ಕದಾಗ 100 ಅಂದ್ರ ಇಂಚಿಗೆ 96 ಚುಕ್ಕಿ, 150 ಅಂದ್ರ 144. ಹಳೇ ಮಾನಿಟರಿನ್ಯಾಗ 800 ಪಿಕ್ಸೆಲ್ ಅಗಲ ಇದ್ದ ವಿಂಡೋ ಲ್ಯಾಪ್‌ಟಾಪಿನ್ಯಾಗ ಅಷ್ಟೇ ದೊಡ್ಡದು ಕಾಣಬೇಕಂದ್ರ 1200 ಪಿಕ್ಸೆಲ್ ಬೇಕು. 800 ಅಂತಷ್ಟೇ ಬರದಿಟ್ರ ಅದು ಯಾವ ಮಾನಿಟರಿನ 800 ಅಂತ ಕೇಳಬೇಕಾಗ್ತೈತಿ. ಊರಿಗೊಂದು ಸೇರಿನ ಅಳತಿ ಇದ್ದಾಗ "ಎರಡು ಸೇರು ಜ್ವಾಳ" ಅಂದಂಗ.

ಪ್ರೋಗ್ರಾಂಗೆ ಈ ಸ್ಕೇಲ್ ಗೊತ್ತಿಲ್ಲಂದ್ರ ವಿಂಡೋಸ್ ಅದರ ಚಿತ್ರ ತೆಗೆದು ರಬ್ಬರಿನಂಗ ಹಿಗ್ಗಿಸಿ ತೋರಸ್ತೈತಿ, ಅದಕ್ಕ ಮಸಕು ಮಸಕು. ಇಂಗ್ಲಿಷ್ ಅಕ್ಷರ ಹೆಂಗೋ ಓದ್ತೇವಿ, ಕನ್ನಡದ ಒತ್ತಕ್ಷರ ಹೋತಂದ್ರ ಹೋತು. ಗದಗಿನ ಆ ಹುಡುಗ ತೋರಿಸಿದ, ಲಕ್ಷ್ಮೇಶ್ವರ ಅಂತ ಟೈಪ್ ಮಾಡಿದ್ರ ಕ್ಷ್ಮೇ ಅನ್ನೋದು ಇರಬಿ ಗುಂಪು ಕುಂತಂಗ ಕಾಣ್ತಿತ್ತು, ಷ ಐತೋ ಸ ಐತೋ ಮ ಒತ್ತು ಬಿತ್ತೋ ಇಲ್ಲೋ ಪ್ರಿಂಟ್ ತೆಗೆದಾಗ್ಲೇ ಗೊತ್ತು. ಪ್ರೂಫ್ ನೋಡೋ ಮಂದಿಗೆ ಇದು ಸಣ್ಣ ಮಾತಲ್ರಿ. ಮಾನಿಟರಿಗೊಂದು ಸ್ಕೇಲ್ ಅನ್ನೋದನ್ನ ಪ್ರೋಗ್ರಾಂ ತಾನೇ ಸಂಭಾಳಿಸಾಕ ವಿಂಡೋಸ್ 8.1ರಾಗ, ಅಂದ್ರ 2013ರಾಗ ದಾರಿ ಮಾಡಿಕೊಟ್ರು, 2017ರ ವಿಂಡೋಸ್ 10 ಕ್ರಿಯೇಟರ್ಸ್ ಅಪ್‌ಡೇಟಿನ್ಯಾಗ ಅದರ ಎರಡನೇ ಆವೃತ್ತಿ ಬಂತು. ವಿಂಡೋವನ್ನ ಒಂದು ಮಾನಿಟರಿನಿಂದ ಇನ್ನೊಂದಕ್ಕ ಎಳದಾಗ ಡಿಪಿಐ, ಅಂದ್ರ ಇಂಚಿಗೆ ಎಷ್ಟು ಚುಕ್ಕಿ ಅನ್ನೋ ಲೆಕ್ಕ, ಬದಲಾತು ಅಂತ ಒಂದು ಮೆಸೇಜ್ ಬರ್ತೈತಿ, ಅದರ ಜೋಡಿ ಇಷ್ಟು ಸೈಜ್ ಆಗು, ಇಲ್ಲಿ ಕುಂದ್ರು ಅಂತ ಒಂದು ಚೌಕನೂ ಬರ್ತೈತಿ. ಮಾತು ಕೇಳಿ ಅದನ್ನs ತಗೊಳ್ರಿ. ನನಗ ಹೆಚ್ಚು ಗೊತ್ತು ಅಂತ ಸ್ವಂತ ಲೆಕ್ಕ ಮಾಡಾಕ ಹೋದ್ರ, ಸೈಜ್ ಬದಲಾಗಿ ವಿಂಡೋದ ಹೆಚ್ಚಿನ ಪಾಲು ಮತ್ತ ಹಳೇ ಮಾನಿಟರಿಗೆ ಬೀಳ್ತೈತಿ, ಮತ್ತ ಮೆಸೇಜ್, ಮತ್ತ ಸೈಜ್, ಎರಡು ಮಾನಿಟರಿನ ನಡುವ ವಿಂಡೋ ಕುಂಟಾಬಿಲ್ಲೆ ಆಡಾಕ ಶುರು. ತೆರಿವಾಗನೂ ಅಷ್ಟೇ, ಮೊದಲು ಸರಿಯಾದ ಮಾನಿಟರಿಗೆ ಒಯ್ದು ನಿಲ್ಲಿಸಿ ಆಮ್ಯಾಲೆ ಸೈಜ್ ಕೊಡೋದು ಪಾಡು.

ಹಂಗಾದ್ರ ಏನು ಬರದಿಡಬೇಕು? ನಾನು ಈಗ ಇಡೋದು: ಯಾವ ಮಾನಿಟರು, ಅದರ ವರ್ಕ್ ಏರಿಯಾದ ಮೂಲಿಯಿಂದ ಎಷ್ಟು ದೂರ, ಮತ್ತ ಸೈಜ್, ಈ ದೂರ ಸೈಜ್ ಎರಡೂ 100 ಪರ್ಸೆಂಟಿಗೆ ಇಳಿಸಿ. ಚೆನ್ನಮ್ಮ ಸರ್ಕಲ್‌ದಿಂದ ಹೇಳೋದು ಬಿಟ್ಟು, ಇಂಥಾ ಓಣಿ, ಓಣಿಯ ತುದಿಯಿಂದ ಮೂರನೇ ಮನಿ ಅಂದಂಗ. ಸರ್ಕಲ್ ಎತ್ತಿ ಎಲ್ಲಿಟ್ರೂ ಓಣಿ ಓಣಿನೇ. ಯುನಿಕ್ಸ್, ಲಿನಕ್ಸ್ ಕಂಪ್ಯೂಟರಿನ ಹಳೇ ಎಕ್ಸ್ ವಿಂಡೋ ಸಿಸ್ಟಮ್ಮಿನ್ಯಾಗ (ಇದು ಅದರ ಹೆಸರು, ಅಡ್ಡಕ್ಕ ಅಳಿಯೋ ಎಕ್ಸ್ ಅಲ್ಲ) ಒಂದು ಶಾಣ್ಯಾ ಪದ್ಧತಿ ಇತ್ತು, ಜಾಗ ಹೇಳುವಾಗ +0 ಅಂದ್ರ ಎಡ ಅಂಚಿನಿಂದ, -0 ಅಂದ್ರ ಬಲ ಅಂಚಿನಿಂದ. ಅದನ್ನ ನಾನು ಕದ್ದೇನಿ: ವಿಂಡೋ ಬಲ ಅಂಚಿಗೆ ಹತ್ತಿಕೊಂಡಿದ್ರ ಬಲದಿಂದ ಅಳಿತೇನಿ, ಹಿಂಗಾದ್ರ ರೆಸಲ್ಯೂಷನ್ ಬದಲಾದ್ರೂ ಅದು ಬಲಕ್ಕೇ ಉಳಿತೈತಿ. ಕೆಲವರು ಸ್ಕ್ರೀನಿನ ಇಷ್ಟು ಪರ್ಸೆಂಟ್ ಅಂತ ಬರದಿಡ್ತಾರ, ನನಗ ಅದು ಸೇರಂಗಿಲ್ಲ, 4ಕೆ ಮಾನಿಟರ್ ತಂದ ಮಾತ್ರಕ್ಕ ನಾಕು ಬಟನ್ನಿನ ಕ್ಯಾಲ್ಕ್ಯುಲೇಟರ್ ಕಲ್ಯಾಣಮಂಟಪದಷ್ಟು ಯಾಕಾಗಬೇಕು.

ಇದು ಯಾವ ಮಾನಿಟರ್ ಅಂತ ಗುರ್ತು ಹಿಡಿಯೋದು ಅಂದ್ಕೊಂಡಷ್ಟು ಸರಳ ಇಲ್ಲ. ಡಿಸ್‌ಪ್ಲೇ 1, ಡಿಸ್‌ಪ್ಲೇ 2 ಅಂತ ಸಿಸ್ಟಮ್ ಕೊಡೋ ಹೆಸರು ಕೇಬಲ್ ಬದಲಿಸಿದ್ರ ಬದಲಾಗಬಹುದು. ಪ್ರತಿ ಮಾನಿಟರಿನ ಒಳಗ ಇಡಿಐಡಿ ಅಂತ ಒಂದು ಚೀಟಿ ಇರ್ತೈತಿ, ಮೊದಲ ಭಾಗ 128 ಬೈಟು, ಅದರಾಗ ಕಂಪನಿ, ಮಾಡೆಲ್, ಸೀರಿಯಲ್ ನಂಬರ್. ಛಲೋ ಆಧಾರ್ ಕಾರ್ಡ್ ಸಿಕ್ತು ಅನ್ನುವಷ್ಟರಾಗ ಕೆಲವು ಅಗ್ಗದ ಮಾನಿಟರ್‌ಗಳಾಗ ಸೀರಿಯಲ್ ಜಾಗದಾಗ ಬರೇ ಸೊನ್ನಿ ಇರ್ತೈತಿ. ಒಂದೇ ದಿನ ಒಂದೇ ಅಂಗಡ್ಯಾಗ ಜೋಡಿ ಕೊಂಡ ಎರಡು ಮಾನಿಟರ್ ಅವಳಿ ಜವಳಿ ಆಗಿ ನಿಂತಾಗ ಯಾವುದು ರಾಮ ಯಾವುದು ಲಕ್ಷ್ಮಣ? ಅದಕ್ಕ ಒಂದೇ ಮಾನಿಟರಿನ ಗುರ್ತಿನ ಮ್ಯಾಲೆ ಕುಂಡ್ರದೆ, ಇಡೀ ಜೋಡಣೆಗೇ ಒಂದು ಗುರ್ತು ಕೊಡೋದು ವಾಸಿ, ಅಂದ್ರ ಯಾವ್ಯಾವ ಮಾನಿಟರು, ಯಾವುದು ಎಲ್ಲಿ, ಎಷ್ಟು ಸೈಜ್, ಎಷ್ಟು ಸ್ಕೇಲ್ ಎಲ್ಲಾ ಕೂಡಿಸಿ. ಅಂಗಡಿ ಜೋಡಣೆಗೆ ಒಂದು ಜಾಗ, ಮನಿ ಜೋಡಣೆಗೆ ಇನ್ನೊಂದು. ಬ್ಯಾಡಗಿ ಸಾವಕಾರರು ಮನ್ಯಾಗ ತೆರೆದ್ರ ಮನಿ ಜಾಗ, ಅಂಗಡಿಗೆ ಬಂದು ಕೇಬಲ್ ಚುಚ್ಚಿದ್ರ ಅಂಗಡಿ ಜಾಗ. 2021ರಾಗ ಬಂದ ವಿಂಡೋಸ್ 11 ತೆರೆದಿರೋ ವಿಂಡೋಗಳಿಗೆ ಇದನ್ನ ತಾನೇ ಮಾಡ್ತೈತಿ, ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ್ಯಾಗ ಅದಕ್ಕೊಂದು ಟಿಕ್ ಐತಿ. ಮುಚ್ಚಿ ಹೊಳ್ಳಿ ತೆರೆಯೋದು ಮಾತ್ರ ಇನ್ನೂ ನಮ್ಮ ಹೊಣಿ.

ಇಷ್ಟೆಲ್ಲಾ ಆದ ಮ್ಯಾಲೂ ಒಂದು ಕಂಪ್ಲೇಂಟ್ ಉಳೀತು, ಮತ್ತ ನನಗ ಅದರಿಂದನೇ ಈ ವಿಷಯ ಖರೇ ಅರ್ಥ ಆತು. ಕರೆಂಟ್ ಹೋಗ್ತೈತಿ. ಲ್ಯಾಪ್‌ಟಾಪಿಗೆ ಬ್ಯಾಟರಿ ಐತಿ, ಮಾನಿಟರಿಗೆ ಇಲ್ಲ. ಮಾನಿಟರ್ ಆರಿದ ತಕ್ಷಣ ಅದರ ಮ್ಯಾಲಿದ್ದ ವಿಂಡೋಗಳೆಲ್ಲಾ ಲ್ಯಾಪ್‌ಟಾಪಿಗೆ ಓಡಿ ಬರ್ತಾವ, ಎರಡು ನಿಮಿಷಕ್ಕ ಕರೆಂಟ್ ಬರ್ತೈತಿ, ಆದ್ರ ಅಷ್ಟರಾಗ ನಮ್ಮ ಸಾಫ್ಟ್‌ವೇರ್ ವಿಂಡೋ ಸರೀತು ಅಂತ ಹೊಸ ಜಾಗ ಬರಕೊಂಡು ಬಿಟ್ಟಿರ್ತೈತಿ. ಡಿಸ್‌ಪ್ಲೇಪೋರ್ಟ್ ಕೇಬಲ್ ಇದ್ದಾಗ ಕೆಲವು ಮಾನಿಟರಿನ ಬಟನ್ ಆಫ್ ಮಾಡಿದ್ರೂ ಸಾಕು, ಕೇಬಲ್ ಕಿತ್ತಂಗೇ ಲೆಕ್ಕ. ಮಂದಿ ಏನೂ ಮುಟ್ಟಿಲ್ಲ, ಅವರ ಜಾಗ ಮಾತ್ರ ಅಳಿಸಿ ಹೋತು.

2019ರ ಆಗಸ್ಟಿನ್ಯಾಗ ಮಲಪ್ರಭಾ ಹೊಳಿ ಬಂದಾಗ ನರಗುಂದ ತಾಲೂಕಿನ ಕೊಣ್ಣೂರಿನ ಮಂದಿ ಮನಿ ಬಿಟ್ಟು ಹೊರಗ ಇರಬೇಕಾತು. ಆಗ ಅವರ ರೇಶನ್ ಕಾರ್ಡಿನ್ಯಾಗ ವಿಳಾಸ ಗಂಜಿ ಕೇಂದ್ರ ಅಂತ ತಿದ್ದಿದ್ರ ಹೆಂಗ? ನಮ್ಮ ಸಾಫ್ಟ್‌ವೇರ್ ಮಾಡಾಕತ್ತಿದ್ದು ಅದನ್ನs. ಮಂದಿ ತಾವಾಗಿ ವಿಂಡೋ ಎಳದು ಇಟ್ಟಿದ್ದು ಬ್ಯಾರೆ, ಜಾಗ ಇಲ್ಲದ್ದಕ್ಕ ನಾವು ಅಥವಾ ಸಿಸ್ಟಮ್ ತಂದು ಕುಂಡ್ರಿಸಿದ್ದು ಬ್ಯಾರೆ. ಮೊದಲ್ನೇದನ್ನ ಬರಕೊಳ್ಳಬೇಕು, ಎರಡನೇದನ್ನ ಬರಕೊಳ್ಳಬಾರ್ದು. ಕೋಡಿನ್ಯಾಗ ಇದು ಪೂರಾ ಸ್ವಚ್ಛ ಆಗಂಗಿಲ್ಲ ಅನ್ನೋದೂ ಖರೇ. ಮೌಸಿಂದ ಎಳದು ಬಿಟ್ಟಾಗ ಒಂದು ಮೆಸೇಜ್ ಬರ್ತೈತಿ, ಅದು ಬಂದ್ರ ಮಂದಿ ಸರಿಸಿದ್ದು ಗ್ಯಾರಂಟಿ, ಆದ್ರ ವಿಂಡೋಸ್ ಕೀ ಮತ್ತ ಬಾಣದ ಕೀ ಒತ್ತಿ ಅರ್ಧ ಸ್ಕ್ರೀನಿಗೆ ಹಚ್ಚಿದ್ರ ಆ ಮೆಸೇಜ್ ಸಿಗಂಗಿಲ್ಲ. ನಾನು ಮಾಡಿಕೊಂಡ ದಾರಿ ಅಂದ್ರ, ಡಿಸ್‌ಪ್ಲೇ ಬದಲಾತು ಅನ್ನೋ ಸುದ್ದಿ ಬಂದ ಕೂಡಲೇ ಕೆಲವು ಸೆಕೆಂಡ್ ಪೆನ್ನು ಕೆಳಗಿಡೋದು, ಎಲ್ಲಾ ತಣ್ಣಗಾದ ಮ್ಯಾಲೆ ಈಗಿನ ಜೋಡಣೆ ಯಾವುದು ಅಂತ ನೋಡಿ, ಆ ಜೋಡಣೆಗೆ ಮೊದಲು ಬರದಿದ್ದ ಜಾಗ ಇದ್ರ ಅಲ್ಲಿಗೆ ಒಯ್ಯೋದು.

ಎಲ್ಲಾನೂ ನೆನಪಿಡಬೇಕು ಅಂತನೂ ಇಲ್ಲ. "ಈ ಬಿಲ್ ಅಳಿಸಲೇನು" ಅಂತ ಕೇಳೋ ಸಣ್ಣ ಡಬ್ಬಿ ತನ್ನ ತಾಯಿ ವಿಂಡೋದ ಮ್ಯಾಲೇ ತೆರಿಬೇಕು, ನಿನ್ನೆ ಎಲ್ಲಿತ್ತು ಅನ್ನೋದು ಬ್ಯಾಡ. ಇಲ್ಲಂದ್ರ ಅದು ಇನ್ನೊಂದು ಸ್ಕ್ರೀನಿನ್ಯಾಗ ತೆರೆದು ಉತ್ತರಕ್ಕ ಕಾಯ್ತಿರ್ತೈತಿ, ಇತ್ಲಾಗ ಮುಖ್ಯ ವಿಂಡೋ ಏನೊತ್ತಿದ್ರೂ ಟಣ್ ಅಂತೈತಿ. ಇನ್ನೊಂದು ಭಾಳ ಸೂಕ್ಷ್ಮದ್ದು. ಕೆಲವು ಅಡತಿ ಅಂಗಡ್ಯಾಗ ಒಂದು ಮಾನಿಟರ್ ರೈತರ ಕಡೆ ಮಾರಿ ಮಾಡಿ ಇಟ್ಟಿರ್ತಾರ, ಅದರಾಗ ಅವರ ಚೀಲ, ತೂಕ, ದರ ಅಷ್ಟೇ ಕಾಣಬೇಕು. ಒಮ್ಮೆ ಅದರಾಗ ನಮ್ಮ ಬಾಕಿ ಪಟ್ಟಿ ವಿಂಡೋ ತೆರೆದು, ಯಾರು ಎಷ್ಟು ಅಡ್ವಾನ್ಸ್ ತಗೊಂಡಾರ ಅನ್ನೋದು ಸರತಿಯಾಗ ನಿಂತವರಿಗೆಲ್ಲಾ ಕಂಡಿತು. ಹಿಂದಿನ ದಿನ ಅಂಗಡಿ ಹುಡುಗ ಅಲ್ಲಿಟ್ಟು ನೋಡಿದ್ನಂತ, ಸಾಫ್ಟ್‌ವೇರ್ ನಿಷ್ಠೆಯಿಂದ ನೆನಪಿಟ್ಟಿತ್ತು. ಧಾರವಾಡ ಸಪ್ತಾಪುರದಾಗ ಕೋಚಿಂಗ್ ಕ್ಲಾಸ್ ತಗೊಳ್ಳೋ ಗೆಳೆಯ ಒಬ್ಬ ಇದನ್ನ ಕೇಳಿ, ನನಗ ಪ್ರೊಜೆಕ್ಟರಿನ್ಯಾಗ ಮಾರ್ಕ್ಸ್ ಲಿಸ್ಟ್ ಹಿಂಗs ತೆರೆದಿತ್ತು ಅಂದ. ಹಣ, ಮಾರ್ಕ್ಸು, ಪಾಸ್‌ವರ್ಡು ಇರೋ ವಿಂಡೋ ಎಲ್ಲಿದ್ರೂ ಪ್ರೈಮರಿ ಸ್ಕ್ರೀನಿನ್ಯಾಗs ತೆರಿಲಿ, ಬೇಕಾದವರು ಎಳಕೊಳ್ತಾರ. ಇದರಾಗ ನಾನು ಗಿರಾಕಿ ಮಾತೂ ಕೇಳಂಗಿಲ್ಲ.

ಬ್ಯಾರೆ ಸಿಸ್ಟಮ್ಮಿನ್ಯಾಗ ಆಟ ಬ್ಯಾರೆ ಐತಿ. ಮ್ಯಾಕ್‌ನ್ಯಾಗ ಲೆಕ್ಕ ಕೆಳಗಿನ ಎಡ ಮೂಲಿಯಿಂದ ಶುರು, ವೈ ಮ್ಯಾಲಕ್ಕ ಏರ್ತೈತಿ, ವಿಂಡೋಸ್‌ದಿಂದ ಬಂದವರು ಮೊದಲ ದಿನ ಎಡವೋದು ಇಲ್ಲೇ. ಆದ್ರ ವಿಂಡೋಗೊಂದು ಆಟೋಸೇವ್ ಹೆಸರು ಕೊಟ್ರ ನೆನಪಿಡೋ ಕೆಲಸ ಅದೇ ಮಾಡ್ತೈತಿ. ಲಿನಕ್ಸಿನ್ಯಾಗ ಸ್ಕ್ರೀನಿಗೆ ವಿಂಡೋ ತರೋ ವ್ಯವಸ್ಥೆ ವೇಲ್ಯಾಂಡ್, 2008ರಾಗ ಶುರುವಾಗಿದ್ದು, ಇನ್ನೂ ಕಡಕ್: ಅಲ್ಲಿ ಪ್ರೋಗ್ರಾಂಗೆ ತಾನು ಜಮಖಾನದ ಮ್ಯಾಲೆ ಎಲ್ಲಿದೇನಿ ಅಂತ ಗೊತ್ತೇ ಆಗಂಗಿಲ್ಲ, ನನ್ನ ಇಲ್ಲಿಡು ಅಂತ ಹೇಳಾಕೂ ಬರಂಗಿಲ್ಲ, ಎಲ್ಲಾ ಕಂಪೋಸಿಟರ್ ಅನ್ನೋ ಯಜಮಾನನ ಕೈಯಾಗ. ಇದರ ಮ್ಯಾಲೆ ಜಗಳ ಭಾಳ ನಡದಾವ. ಬರೇ ಒಂದು ವಿಂಡೋ ಇರೋ ಪ್ರೋಗ್ರಾಂಗೆ ಯಜಮಾನಿಕಿ ಛಲೋನೇ, ನನ್ನ ಮೂರೂ ತಪ್ಪು ಅಲ್ಲಿ ಮಾಡಾಕs ಬರಂಗಿಲ್ಲ. ಹತ್ತು ಸಣ್ಣ ಪ್ಯಾನೆಲ್ ಎರಡು ಸ್ಕ್ರೀನಿಗೆ ಹರವಿ ಕುಂದರೋ ಡಿಟಿಪಿ ಹುಡುಗನಿಗೆ ಮಾತ್ರ ದಿನಾ ಹೊಳ್ಳಿ ಸಂಸಾರ ಹೂಡಬೇಕಾಗ್ತೈತಿ. ಬ್ರೌಸರಿನ್ಯಾಗ 2022ರಿಂದ, ಕ್ರೋಮ್ 100ರಿಂದ, ವೆಬ್‌ಸೈಟ್ ಪರ್ಮಿಷನ್ ಕೇಳಿ ಎಲ್ಲಾ ಸ್ಕ್ರೀನಿನ ವಿವರ ತಗೋಬಹುದು, ಮಂದಿ ಬ್ಯಾಡ ಅಂದ್ರ ಇಲ್ಲ.

ನನ್ನ ಟೇಬಲ್ ಮ್ಯಾಲೆ ಈಗ ಒಂದು ಹಳೇ 1024×768 ಮಾನಿಟರ್ ಐತಿ, ಇದೇ ಕೆಲಸಕ್ಕ ಅಂತ ಯಾರದೋ ಅಟ್ಟದಿಂದ ಇಳಿಸಿ ತಂದಿದ್ದು. ಹೊಸ ಆವೃತ್ತಿ ಕೊಡೋ ಮೊದಲು ಅದನ್ನ ಎಡಕ್ಕ ಹಚ್ಚಿ ವಿಂಡೋ ಅಲ್ಲಿಟ್ಟು ಮುಚ್ತೇನಿ, ಕೇಬಲ್ ಕಿತ್ತು ತೆರಿತೇನಿ. ಮಿನಿಮೈಸ್ ಮಾಡಿ ಮುಚ್ತೇನಿ, ಪ್ರೈಮರಿ ಬದಲಿಸಿ ತೆರಿತೇನಿ. ಟಾಸ್ಕ್‌ಬಾರ್ ಮ್ಯಾಲಕ್ಕ ಒಯ್ದು ಇಪ್ಪತ್ತು ಸಲ ತೆರೆದು ಮುಚ್ಚಿ ಸ್ಕೇಲ್ ಪಟ್ಟಿ ಹಿಡಿದು ಜರುಗೇತೇನು ಅಂತ ನೋಡ್ತೇನಿ. ಓಡ್ತಿರುವಾಗ್ಲೇ ಮಾನಿಟರಿನ ಸ್ವಿಚ್ ಆರಿಸಿ ಎರಡು ನಿಮಿಷಕ್ಕ ಹಚ್ತೇನಿ. ಮೊನ್ನೆ ಅದನ್ನ ಉದ್ದಕ್ಕ ತಿರುಗಿಸಿ 768×1024 ಮಾಡಿ ನೋಡಿದ್ರ ಉಳಿದಿದ್ದೆಲ್ಲಾ ಪಾಸ್, ಮಾಲ್ ಸ್ಟಾಕ್ ರಿಪೋರ್ಟ್ ವಿಂಡೋ ಒಂದು ಮಾತ್ರ ಬಲಕ್ಕ 256 ಪಿಕ್ಸೆಲ್ ಹೊರಗ ಕುಂತೈತಿ, ಕ್ಲೋಸ್ ಬಟನ್ ಸಮೇತ. ಅದರ ಕನಿಷ್ಠ ಅಗಲ 1024 ಅಂತ ಯಾವ ಪುಣ್ಯಾತ್ಮ ಬರದಾನೋ ಅಂತ ಹುಡುಕಿದ್ರ ನಂದೇ ಕೋಡು.